ಒಂದು ಚೀಟಿ, ಇಬ್ಬರು ಹುಲಿಗೆಮ್ಮ

ಮೇ ತಿಂಗಳು ಬಂತೆಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ನಿವೃತ್ತನಾಗಿ ಮನೆಯಲ್ಲಿದ್ದೇನೆ, ಯಾವ ಗಂಟೆಯೂ ನನ್ನನ್ನು ಕರೆಯುವುದಿಲ್ಲ. ಆದರೂ ಬೆಳಗಿನ ಚಹ ಕುಡಿದು ಲೋಟ ಕೆಳಗಿಡುವ ಹೊತ್ತಿಗೆ ಕಾಲು ಬಾಗಿಲ ಕಡೆ ಹೊರಟಿರುತ್ತದೆ. ನನ್ನ ಹೆಂಡತಿಗೆ ಇದನ್ನು ನೋಡಿ ನೋಡಿ ಸಾಕಾಗಿದೆ. "ಎಲ್ಲಿಗ್ರೀ ಹೊಂಟೀರಿ? ನಿಮ್ಮ ಸಾಲಿ ಸೀಟಿನ ಲಾಟರಿ ಮುಗುದೈತಿ, ಕುಂದ್ರಿ" ಎನ್ನುತ್ತಾಳೆ. ಕೂರುತ್ತೇನೆ, ಮತ್ತೆ ಏಳುತ್ತೇನೆ.

ನಮ್ಮ ಶಾಲೆಗೆ ಹೊಸದಾಗಿ ಸೇರಿದ ಇಬ್ಬರು ಮೇಷ್ಟ್ರು ಮನೆಗೆ ಬಂದು, "ಹಳಗನ್ನಡ ಹೆಂಗ ಕಲಸ್ತಿದ್ರಿ, ಸ್ವಲ್ಪ ಬರದು ಕೊಡ್ರಿ ಸಾರ್" ಎಂದರು. ಕಲಿಸುವುದು ಕಷ್ಟವಲ್ಲ, ಮಾರಾಯರೆ. ಯಾರಿಗೆ ಕಲಿಸಬೇಕು, ಯಾರನ್ನು ಗೇಟಿನಿಂದಲೇ ವಾಪಸ್ಸು ಕಳಿಸಬೇಕು ಅನ್ನುವುದಿದೆಯಲ್ಲ, ಅದು ಮನುಷ್ಯನನ್ನು ಅಲ್ಲಾಡಿಸಿಬಿಡುತ್ತದೆ. ಅದನ್ನೇ ಬರೆಯುತ್ತೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ನಿಮಗೆ ಬೇಡ, ನನಗೂ ಬೇಡ.

ಗೊತ್ತಿಲ್ಲದವರಿಗಾಗಿ ಹೇಳಿಬಿಡುತ್ತೇನೆ. ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ, ಹಂಪಿಯ ಕಡೆ ತಿರುಗುವುದಕ್ಕಿಂತ ಮೊದಲು, ಬಾಳೆತೋಟಗಳ ಪಕ್ಕದಲ್ಲಿ ನಮ್ಮ ಶಾಲೆ. ಐದನೇ ತರಗತಿಯಿಂದ ಹತ್ತರವರೆಗೆ. ಸರ್ಕಾರದ ಪಾಠ ಎಲ್ಲ ಕಡೆ ಇರುವ ಹಾಗೆಯೇ ಇದೆ. ಅದರ ಜೊತೆಗೆ ಪ್ರತಿ ಮಗುವೂ ಹಳಗನ್ನಡ ಮತ್ತು ಸಂಸ್ಕೃತ ಓದಲೇಬೇಕು, ಛಂದಸ್ಸು ಹಿಡಿದು ಗಟ್ಟಿಯಾಗಿ ಹೇಳಲೇಬೇಕು. ಫೀಸಿಲ್ಲ, ಊಟ ಮತ್ತು ಹಾಸ್ಟೆಲು ಶಾಲೆಯದು. ಹೀಗಾಗಿ ಅರ್ಜಿಗಳು ಬುಟ್ಟಿ ತುಂಬ, ಸೀಟುಗಳು ಬೊಗಸೆಯಷ್ಟು.

ಶಾಲೆ ಕಟ್ಟಿದ ದೊಡ್ಡ ಮೇಷ್ಟ್ರು ಮೈಸೂರಿನ ಕಡೆಯವರು. ಬಿಳಿ ಅಂಗಿ, ಗಡಸು ದನಿ, ಪುಸ್ತಕದ ಕನ್ನಡ. ಪ್ರವೇಶ ಪರೀಕ್ಷೆ ಎಂದರೆ ಅವರಿಗೆ ಆಗುತ್ತಿರಲಿಲ್ಲ. "ಹತ್ತು ವರ್ಷದ ಮಗುವಿಗೆ ಏನು ಪರೀಕ್ಷೆ? ಓದಿದ ಅಪ್ಪನ ಮಗು ಪಾಸಾಗುತ್ತದೆ, ಅಷ್ಟೇ. ಚೀಟಿ ಎತ್ತಿ" ಎಂದರು. ಭತ್ತ ಅಳೆಯುವ ಒಂದು ಹಿತ್ತಾಳೆ ಕೊಳಗ ತರಿಸಿದರು. ಎಲ್ಲರ ಹೆಸರೂ ಅದರೊಳಗೆ. ಎತ್ತುವವರು ಯಾರು? ನಮ್ಮವರು ಎತ್ತಿದರೆ ಅನುಮಾನ, ಊರ ದೊಡ್ಡವರು ಎತ್ತಿದರೆ ಇನ್ನೂ ಅನುಮಾನ. ಅದಕ್ಕೆ ಅವರೇ ಒಂದು ಪದ್ಧತಿ ಮಾಡಿದರು. ಆ ದಿನ ಬೆಳಿಗ್ಗೆ ಕಂಪ್ಲಿಯಿಂದ ಬರುವ ಬಸ್ಸಿನಿಂದ ನಮ್ಮ ಗೇಟಿನ ಮುಂದೆ ಯಾರು ಮೊದಲು ಇಳಿಯುತ್ತಾರೋ ಅವರೇ ಎತ್ತಬೇಕು. ಅರ್ಜಿ ಹಾಕಿದವರಿಗೆ ಆ ಬಸ್ಸು ಹತ್ತುವ ಹಾಗಿರಲಿಲ್ಲ.

ಇದರಲ್ಲಿ ಆದ ಫಜೀತಿಗಳು ಒಂದೆರಡಲ್ಲ. ಒಂದು ವರ್ಷ ಇಳಿದವನು ಮೂತ್ರಕ್ಕೆಂದು ಇಳಿದವನು. ಪಾಪ, ಗೋಡೆಯ ಕಡೆ ಓಡುತ್ತಿದ್ದವನನ್ನು ನಾವು ನಾಲ್ಕು ಜನ ಮುತ್ತಿಕೊಂಡು, "ಬರ್ರಿ ಬರ್ರಿ, ನೀವ ಬೇಕಾಗಿತ್ತು" ಎಂದು ಕೈ ಹಿಡಿದು ಕರೆತಂದು ಕೊಳಗದ ಮುಂದೆ ನಿಲ್ಲಿಸಿದೆವು. ಅವನು ಪೊಲೀಸರು ಹಿಡಿದರೆಂದೇ ತಿಳಿದ. ಒಂದು ಕಾಲ ಮೇಲೊಂದು ಕಾಲು ಹೊಸೆಯುತ್ತ ಚೀಟಿ ಎತ್ತಿದ. ಬಸ್ಸು ಹೋಗಿಬಿಟ್ಟಿತು. ಕೊನೆಯ ಚೀಟಿ ಎತ್ತಿದವನೇ ಬಾಳೆತೋಟಕ್ಕೆ ಹಾರಿದ. ಆಮೇಲೆ ಊಟ ಹಾಕಿ ಕಳಿಸಿದೆವು.

ಚೀಟಿಯಾಚೆಯ ಆಟಗಳೂ ನಡೆಯುತ್ತಿದ್ದವು. ಸಂಡೂರಿನಲ್ಲಿ ಅದಿರಿನ ಲಾರಿಗಳು ಹಗಲೂ ಇರುಳೂ ಓಡುತ್ತಿದ್ದ ಕಾಲ. ಲಾರಿ ಮಾಲೀಕನೊಬ್ಬ ಮಗನಿಗೆ ಸೀಟು ಕೇಳಿಕೊಂಡು ಬಂದ. ದೊಡ್ಡ ಮೇಷ್ಟ್ರು ಕೊಳಗ ತೋರಿಸಿದರು. ಮಗನ ಚೀಟಿ ಬರಲಿಲ್ಲ. ಆಸಾಮಿ ಸುಮ್ಮನಿರಲಿಲ್ಲ. ಚೀಟಿ ಬಂದಿದ್ದ ಕಂಪ್ಲಿಯ ಒಬ್ಬ ಹುಡುಗನ ಅಪ್ಪನಿಗೆ ತನ್ನ ಲಾರಿಯಲ್ಲಿ ಡ್ರೈವರ್ ಕೆಲಸ ಕೊಟ್ಟು, ಆ ಹುಡುಗನನ್ನು ಶಾಲೆ ಬಿಡಿಸಿದ. ಖಾಲಿಯಾದ ಸೀಟು ತನ್ನ ಮಗನಿಗೆ ಬರಲಿ ಎಂದು ಗೇಟಿನಲ್ಲಿ ಕಾರು ತಂದು ನಿಲ್ಲಿಸಿದ. ದೊಡ್ಡ ಮೇಷ್ಟ್ರು ಸಿಟ್ಟಾದರು. ಅವತ್ತೇ ನಿಯಮ ಬಂತು: ಮಗು ಬಿಟ್ಟುಹೋದರೆ ಆ ಸೀಟು ಸತ್ತ ಹಾಗೆ, ಯಾರಿಗೂ ಇಲ್ಲ. ನನಗೂ ಅದು ಸರಿ ಅನ್ನಿಸಿತ್ತು. ಖಾಲಿ ಮಣೆಯೊಂದನ್ನು ವರ್ಷಪೂರ್ತಿ ನೋಡುತ್ತ ಪಾಠ ಮಾಡುವುದು ಹೇಗಿರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಇನ್ನೊಂದು ನಿಯಮ ಚೀಟಿಯ ಮೇಲೆ ಏನು ಬರೆಯಬೇಕು ಎಂಬುದರದು. ನಮ್ಮ ಕಡೆ ಮನೆತನದ ಹೆಸರು ಹೇಳಿದರೆ ಜಾತಿ ಹೇಳಿದ ಹಾಗೆ. ಊರು ಹೇಳಿದರೆ ಯಾವ ಕೇರಿ ಎಂದು ಮುಂದಿನ ಪ್ರಶ್ನೆ. ಅದಕ್ಕೆ ದೊಡ್ಡ ಮೇಷ್ಟ್ರು, ಮಗುವಿನ ಹೆಸರು ಮತ್ತು ತಂದೆಯ ಹೆಸರು ಇಷ್ಟು ಸಾಕು, ಊರು ಬೇಡ, ಮನೆತನ ಬೇಡ ಎಂದರು. ಮನಸ್ಸು ಒಳ್ಳೆಯದೇ. ಆದರೆ ಅವರು ಈ ನೆಲದವರಲ್ಲ. ನಾನು ಹೇಳಿದೆ: "ಸಾರ್, ನಮ್ಮ ಕಡಿ ಒಂದ ಹೆಸರಿನ ಮಂದಿ ಭಾಳ. ಹುಲಿಗೆಮ್ಮಗ ಹರಕಿ ಹೊತ್ತು ಹುಟ್ಟಿದ್ರ ಹುಲಿಗೆಮ್ಮ, ಗಂಡಾದ್ರ ಹುಲುಗಪ್ಪ. ಸಂತ್ಯಾಗ 'ಹುಲಿಗೆಮ್ಮ' ಅಂತ ಕೂಗಿದ್ರ ಅರ್ಧ ಸಂತಿ ತಿರುಗಿ ನೋಡ್ತೈತಿ."

"ತಂದೆಯ ಹೆಸರು ಇರುತ್ತದಲ್ಲ, ಬಿಡಿ" ಎಂದರು.

ತಂದೆಯರು ಮಾತ್ರ ಬೇರೆ ದೇವರ ಹೆಸರಿನವರೇ? ಅವರೂ ಇದೇ ಊರುಗಳವರು.

ನಾನು ಹೆದರಿದ್ದೇ ಆದ ವರ್ಷ ಬಸ್ಸಿಳಿದವಳು ತವರಿಗೆ ಹೊರಟಿದ್ದ ಒಬ್ಬ ಬಾಣಂತಿ. ಕಂಕುಳಲ್ಲಿ ಕೂಸು. ಒಂದು ಕೈಯಲ್ಲಿ ಕೂಸು ಹಿಡಿದು ಇನ್ನೊಂದು ಕೈಯಲ್ಲಿ ಚೀಟಿ ಎತ್ತುತ್ತಿದ್ದಳು, ನಾನು ಬಿಡಿಸಿ ಓದುತ್ತಿದ್ದೆ. ನಡುವೆ ಒಂದು ಚೀಟಿ ಬಿಡಿಸಿ, "ಹುಲಿಗೆಮ್ಮ, ತಂದೆ ಹನುಮಂತಪ್ಪ" ಎಂದೆ. ಎಡಗಡೆ ಒಬ್ಬ ತಾಯಿ ಎದ್ದಳು. ಬಲಗಡೆ ಇನ್ನೊಬ್ಬಳು ಎದ್ದಳು. ಒಬ್ಬಳು ಕುರೆಕುಪ್ಪದವಳು, ಗಂಡ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ. ಇನ್ನೊಬ್ಬಳು ಪಾಪಿನಾಯಕನಹಳ್ಳಿಯವಳು, ಗಂಡ ಹೆಂಡತಿ ಇಬ್ಬರೂ ಹೊಲದ ಕೂಲಿ. ಇಬ್ಬರ ಮಕ್ಕಳೂ ಹುಲಿಗೆಮ್ಮ, ಇಬ್ಬರ ಗಂಡಂದಿರೂ ಹನುಮಂತಪ್ಪ. ಮಕ್ಕಳು ಮಾತ್ರ ಬೆಳಿಗ್ಗೆಯೇ ಹೆಸರು ಕೇಳಿಕೊಂಡು ಗೆಳತಿಯರಾಗಿ, ಮರದ ಕೆಳಗೆ ಕಲ್ಲಾಟ ಆಡುತ್ತಿದ್ದವು.

ದೊಡ್ಡ ಮೇಷ್ಟ್ರನ್ನು ನೋಡಿದೆ. ಅವರು ನನ್ನನ್ನು ನೋಡಲಿಲ್ಲ.

"ಇನ್ನೊಂದು ಚೀಟಿ ಕೊಳಗದೊಳಗೆ ಇದೆಯಲ್ಲ, ಮುಂದುವರಿಸಿ. ಅದೂ ಬಂದರೆ ಇಬ್ಬರಿಗೂ ಸೀಟು" ಎಂದರು.

ಮುಂದುವರಿಸಿದೆವು. ಒಂದೊಂದು ಚೀಟಿ ಬಿಡಿಸುವಾಗಲೂ ಇಬ್ಬರೂ ತಾಯಂದಿರು ನಿಂತೇ ಇದ್ದರು. ಬೇರೆಯವರ ಮಕ್ಕಳ ಹೆಸರು ಬಂದು ಅವರು ನಗುತ್ತ ಮುಂದೆ ಬರುವಾಗ ನನಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು, ಸುಳ್ಳೇಕೆ ಹೇಳಲಿ. ಸೀಟು ಮುಗಿದವು. ಇನ್ನೊಬ್ಬ ಹುಲಿಗೆಮ್ಮ ಬರಲಿಲ್ಲ. ಕೊಳಗ ಬೋರಲು ಹಾಕಿ ಹುಡುಕಿದರೆ ತಳದಲ್ಲಿ ಬೆಚ್ಚಗೆ ಕೂತಿದ್ದಳು.

ಈಗ ಇಬ್ಬರ ಹೆಸರನ್ನೂ ಊರು ಸೇರಿಸಿ ಬರೆದು ಮತ್ತೆ ಎತ್ತಿಸಬೇಕು ಎಂದರು ದೊಡ್ಡ ಮೇಷ್ಟ್ರು. ಬೇರೆ ದಾರಿ ನನಗೂ ಹೊಳೆಯಲಿಲ್ಲ. ಬಾಣಂತಿ ಒಪ್ಪಲಿಲ್ಲ. "ನನ್ನ ಕೈಲಿ ಈ ಪಾಪ ಮಾಡಸಬ್ಯಾಡ್ರಿ, ಕೂಸಿನ ತಾಯಿ ಅದೀನಿ" ಎಂದಳು. ಆಗ ಪಾಪಿನಾಯಕನಹಳ್ಳಿಯ ತಾಯಿಯೇ, "ಎತ್ತವ್ವ. ಯಾರರ ಒಬ್ರು ಅಳಾದ ಐತಿ. ಜಲ್ದಿ ಎತ್ತು, ನಮಗ ಬಸ್ಸು ಐತಿ" ಎಂದಳು.

ಕುರೆಕುಪ್ಪ ಬಂತು.

ಎರಡೂ ಮನೆಯವರು ಸಂಜೆ ಒಂದೇ ಬಸ್ಸು ಹತ್ತಿದರು. ಹೊಸಪೇಟೆ ಬಿಟ್ಟರೆ ಮೊದಲು ಪಾಪಿನಾಯಕನಹಳ್ಳಿ, ಆಮೇಲೆ ಗಾದಿಗನೂರು, ಅದಾದ ಮೇಲೆ ಕುರೆಕುಪ್ಪದ ಕಡೆ. ಬಸ್ಸಿನಲ್ಲಿ ಅವರು ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಮಾತಾಡಿಕೊಂಡಿದ್ದು ಮಾತ್ರ ಹೌದು.

ಇಲ್ಲಿ ನಮ್ಮ ಪಾಠದ ರೀತಿ ಹೇಳಲೇಬೇಕು. ದೊಡ್ಡ ಮೇಷ್ಟ್ರ ಕಟ್ಟಪ್ಪಣೆ: ಹಳಗನ್ನಡದ ವಿಭಕ್ತಿ ತಿಂಗಳಿಗೊಂದು. ಶಾಲೆ ಶುರುವಾದ ತಿಂಗಳು 'ಮರಂ', ಅದು ಮಾಡುವವನ ವಿಭಕ್ತಿ. ಆಮೇಲೆ 'ಮರನಂ', 'ಮರದಿಂ'. ದಸರಾ ರಜೆಗೆ ಮೊದಲು ನಾಲ್ಕನೆಯದು, 'ಮರಕ್ಕೆ', ಅದು ಕೊಡುವುದಕ್ಕೆ. ರಜೆ ಮುಗಿದ ಮೇಲೆ ಐದನೆಯದು, 'ಮರದತ್ತಣಿಂ', ಅದು ಅಗಲುವುದಕ್ಕೆ. ಆಮೇಲೆ 'ಮರದ', 'ಮರದೊಳ್'. ಆಯಾ ತಿಂಗಳು ಮಕ್ಕಳು ಊಟದಲ್ಲೂ ಆಟದಲ್ಲೂ ಅದನ್ನೇ ಹಿಡಿದು ಮಾತಾಡಬೇಕು. ಎರಡನೆಯ ವಿಭಕ್ತಿಯ ತಿಂಗಳು "ಉಪ್ಪಿಟ್ಟಂ ನೀಡಿಂ, ಚಟ್ನಿಯಂ ನೀಡಿಂ" ಎಂದು ಸಾಲಾಗಿ ತಟ್ಟೆ ಹಿಡಿಯುತ್ತಿದ್ದವು. ಅಡುಗೆಯ ಬಸಮ್ಮ ಬಂದು, "ಇವಕ್ಕೆಲ್ಲ ನೆಗಡಿ ಆಗೈತೇನ್ರಿ ಮೇಷ್ಟ್ರೇ? ಎಲ್ಲಾ ಮೂಗಿನ್ಯಾಗ ಅಂತಾವ" ಎಂದು ದೂರುತ್ತಿದ್ದಳು. ಈಗ ನೀವು ಒಂದೇ ದಿನ ಏಳನ್ನೂ ಪಟ್ಟಿ ಮಾಡಿ ಗೋಡೆಗೆ ಅಂಟಿಸುತ್ತೀರಿ. ಮಕ್ಕಳು ಪರೀಕ್ಷೆಯಲ್ಲಿ ಬರೆಯುತ್ತವೆ, ಮರುದಿನ ಮರೆಯುತ್ತವೆ. ನನಗೇನು, ನಿಮ್ಮ ಕಾಲ ನಿಮ್ಮದು.

ಕುರೆಕುಪ್ಪದ ಹುಲಿಗೆಮ್ಮ ತಲೆಯೊಳಗೆ ಒಂದು ಸಲ ಇಳಿದದ್ದನ್ನು ಬಿಡುವವಳಲ್ಲ. ಆದರೆ ಸಂಜೆ ಹೊತ್ತು ಮೆಟ್ಟಿಲ ಮೇಲೆ ಕೂತು ರಸ್ತೆ ನೋಡುತ್ತಿದ್ದಳು. ಮನೆ ನೆನಪು, ಹೊಸ ಮಕ್ಕಳೆಲ್ಲ ಹಾಗೇ, ಎಂದುಕೊಂಡೆ.

ದಸರಾ ರಜೆ ಮುಗಿಯಿತು. ಮೊದಲ ದಿನ ಹಾಜರಿ ಕರೆಯುತ್ತ, "ಹುಲಿಗೆಮ್ಮ" ಎಂದೆ. "ಬಂದೀನ್ರಿ" ಎಂಬ ದನಿ ಬೇರೆ. ತಲೆ ಎತ್ತಿದರೆ ಪಾಪಿನಾಯಕನಹಳ್ಳಿಯ ಹುಡುಗಿ, ಕುರೆಕುಪ್ಪದವಳ ಮಣೆಯ ಮೇಲೆ, ಅವಳದೇ ಸಮವಸ್ತ್ರದಲ್ಲಿ, ತೋಳು ಮಡಚಿಕೊಂಡು ಕೂತಿದೆ. ಮಕ್ಕಳೆಲ್ಲ ಉಸಿರು ಬಿಗಿಹಿಡಿದು ನನ್ನ ಮುಖ ನೋಡುತ್ತಿವೆ. ಅಂದರೆ ನನಗಿಂತ ಮೊದಲೇ ಅವಕ್ಕೆಲ್ಲ ಗೊತ್ತು.

"ಅಕಿ ಎಲ್ಲೇ?"

"ಅಕಿಗೆ ಒಗ್ಗಲಿಲ್ಲಂತ್ರಿ. ಅವರವ್ವ ಬಂದು, ನಿಮ್ಮ ಹುಡುಗೀನ ಕಳಸ್ರಿ, ಹೆಸರು ಒಂದ ಐತಲ್ಲ ಅಂದ್ಳ್ರಿ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮುಚ್ಚಿಡುವ ಮಾತಲ್ಲ ಇದು. ನಿಯಮದ ಪ್ರಕಾರ ಸೀಟು ಸತ್ತಿತ್ತು. ಈ ಮಗುವನ್ನು ಇವತ್ತೇ ಟ್ರಂಕಿನ ಸಮೇತ ವಾಪಸ್ಸು ಕಳಿಸಬೇಕು. ಗೇಟಿನ ಹತ್ತಿರ ಅವಳ ತಾಯಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಮಗುವಿನ ಕೈ ಹಿಡಿದು ದೊಡ್ಡ ಮೇಷ್ಟ್ರ ಕೋಣೆಗೆ ನಡೆದೆ. ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿದರು.

"ಸಂಡೂರಿನ ಲಾರಿಯವನಿಗೆ ಒಂದು ನಿಯಮ, ಇವರಿಗೊಂದೇ?" ಎಂದು ತಮಗೆ ತಾವೇ ಕೇಳಿಕೊಂಡರು.

ಆಮೇಲೆ ನನ್ನನ್ನು ಕೇಳಿದರು:

"ಚೀಟಿಯ ಮೇಲೆ ಏನು ಬರೆದಿತ್ತು, ಮೇಷ್ಟ್ರೇ?"

"ಹುಲಿಗೆಮ್ಮ, ತಂದೆ ಹನುಮಂತಪ್ಪ, ಸಾರ್."

ಮಗುವಿನ ಕಡೆ ತಿರುಗಿದರು. "ನಿನ್ನ ಹೆಸರೇನಮ್ಮ?"

"ಹುಲಿಗೆಮ್ಮ ರೀ."

"ಅಪ್ಪನ ಹೆಸರು?"

"ಹನುಮಂತಪ್ಪ ರೀ."

"ಸೀಟು ಖಾಲಿಯಾಗಿಲ್ಲ ಮೇಷ್ಟ್ರೇ. ಚೀಟಿ ಬಂದವಳು ತರಗತಿಯಲ್ಲೇ ಇದ್ದಾಳೆ. ಹೋಗಿ ಪಾಠ ಮಾಡಿ" ಎಂದು ಪೇಪರು ಬಿಡಿಸಿದರು. ಅವರ ಆ ಹಟಮಾರಿ ನಿಯಮದಿಂದಲೇ ಗೊಂದಲವಾಗಿತ್ತು, ಅದೇ ನಿಯಮವನ್ನು ಹಿಡಿದು ಬಗೆಹರಿಸಿಬಿಟ್ಟರು. ಅವತ್ತು ಅವರ ಕಾಲಿಗೆ ಬೀಳಬೇಕೆನಿಸಿತು. ಬೀಳಲಿಲ್ಲ, ಪೇಪರು ಅಡ್ಡ ಇತ್ತು.

ಈ ಕಥೆಯನ್ನು ನಾನು ಎಷ್ಟು ಮಂದಿಗೆ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ಒಬ್ಬಳಿಗೆ ಬೇಡವಾಗಿತ್ತು, ಒಬ್ಬಳಿಗೆ ಬೇಕಾಗಿತ್ತು, ಹೆಸರು ಕೂಡಿ ಬಂತು, ಎಲ್ಲರಿಗೂ ಒಳ್ಳೆಯದಾಯಿತು ಎಂದು. ಪಾಪಿನಾಯಕನಹಳ್ಳಿಯ ಹುಲಿಗೆಮ್ಮ ಹತ್ತನೆಯದು ಮುಗಿಸಿದಳು, ಮುಂದೆ ಓದಿದಳು, ಕನ್ನಡ ಎಂ.ಎ. ಮಾಡಿಕೊಂಡು ನಮ್ಮ ಶಾಲೆಗೇ ಟೀಚರಾಗಿ ಬಂದಳು. ಮೊದಲ ನಾಲ್ಕು ವಿಭಕ್ತಿಗಳ ಪಾಠ ಅವಳಿಗೆ ತರಗತಿಯಲ್ಲಿ ಸಿಕ್ಕಿರಲಿಲ್ಲ. ಬೇರೆ ಮಕ್ಕಳನ್ನು ಕೇಳಿ ತಾನೇ ಕಲಿತುಕೊಂಡಿದ್ದಳು. "ಐದರಿಂದ ಹೇಳು ಅಂದ್ರ ನಿದ್ದ್ಯಾಗೂ ಹೇಳ್ತೀನಿ ಸಾರ್, ಒಂದರಿಂದ ಅಂದ್ರ ಇನ್ನೂ ಎದಿ ಡವಡವ ಅಂತೈತಿ" ಎನ್ನುತ್ತಿದ್ದಳು.

ದೊಡ್ಡ ಮೇಷ್ಟ್ರು ತೀರಿಕೊಂಡರು. ಕೊಳಗ ಹೋಗಿ ಕಂಪ್ಯೂಟರು ಬಂತು. ಈಗ ಬಸ್ಸಿನವರು ಬೇಕಿಲ್ಲ. ಊರು, ಆಧಾರ್ ನಂಬರು, ಎಲ್ಲವೂ ಸೇರಿಸಿ ಒಂದು ಗುಂಡಿ ಒತ್ತಿದರೆ ಪರದೆಯ ಮೇಲೆ ಹೆಸರುಗಳು ಸಾಲಾಗಿ ಬರುತ್ತವೆ. ಒಬ್ಬರ ಬದಲು ಇನ್ನೊಬ್ಬರು ಬಂದು ಕೂರುವ ಮಾತೇ ಇಲ್ಲ. ಚೊಕ್ಕಟವಾದ ಕೆಲಸ. ಕೊಳಗದಲ್ಲಿ ಈಗ ಆಫೀಸಿನವರು ಪೆನ್ನುಗಳನ್ನು ಇಟ್ಟುಕೊಂಡಿದ್ದಾರೆ.

ನನ್ನ ಕೊನೆಯ ಲಾಟರಿಯ ದಿನ ಗುಂಡಿ ಒತ್ತಿದವಳು ಹುಲಿಗೆಮ್ಮ ಟೀಚರೇ. ಹೆಸರುಗಳು ಬಂದವು, ಮುಗಿದವು, ಜನ ಚದುರಿದರು. ಒಬ್ಬ ಹೆಂಗಸು ಮಾತ್ರ ಮಗಳ ಕೈ ಹಿಡಿದು ಖಾಲಿ ಪರದೆಯನ್ನು ನೋಡುತ್ತ ನಿಂತಿದ್ದಳು.

"ಚೈತ್ರಾ ಅಂತ ಬಂತೇನ್ರಿ? ಕುರೆಕುಪ್ಪ?"

"ಇಲ್ಲವ್ವ, ಬರಲಿಲ್ಲ."

"ನಂದು ಬಂದಿತ್ರಿ ಸಾರ್, ಅವತ್ತ" ಎಂದಳು. ಆಗ ಗುರುತು ಹತ್ತಿತು. ಕುರೆಕುಪ್ಪದ ಹುಲಿಗೆಮ್ಮ.

ನಾನು ಏನೋ ಮಾತಾಡಬೇಕಲ್ಲ ಎಂದು, "ನಿನಗ ಒಗ್ಗಲಿಲ್ಲಲ್ಲವ್ವ ಆಗ. ಮಗಳನ್ನ ಯಾಕ ತಂದಿ?" ಎಂದೆ.

"ಒಗ್ಗದ ಏನಿತ್ರಿ? ತಮ್ಮ ಹುಟ್ಟಿದ್ದ. ಅವ್ವ ಕಾರ್ಖಾನಿ ಕ್ಯಾಂಟೀನಿಗೆ ಹೋಗಬೇಕಾಗಿತ್ತು, ಕೂಸು ಹಿಡಿಯಾಕ ನಾ ಬೇಕಿತ್ತು. ಕೇಳಿದ್ರ ಒಗ್ಗಲಿಲ್ಲ ಅನ್ನು ಅಂದಿದ್ಳು. ಸೀಟು ಹಾಳಾಗಬಾರದು ಅಂತ ನಾನ ಅವ್ವಗ ಹೇಳಿದ್ದು, ಅಕಿನ್ನ ಕರಕೊಂಡು ಬಾ, ಅಕಿದೂ ಇದ ಹೆಸರು ಅಂತ."

ಹುಲಿಗೆಮ್ಮ ಟೀಚರ್ ಕುರ್ಚಿಯಿಂದ ಎದ್ದು ಬಂದಿದ್ದಳು. ಅವಳಿಗೂ ಇದು ಹೊಸ ಸುದ್ದಿ. "ನೀ ನನಗ ಹೇಳಲಿಲ್ಲ" ಎಂದಳು.

"ಹೇಳಿದ್ರ ನೀ ಬರ್ತಿದ್ದೇನು?"

ಇಷ್ಟು ವರ್ಷ ನಗುತ್ತ ಹೇಳಿಕೊಂಡು ಬಂದ ಕಥೆ ಕಹಿಯಾಯಿತು. ಆ ಹುಡುಗಿ ಮೆಟ್ಟಿಲ ಮೇಲೆ ಕೂತು ರಸ್ತೆ ನೋಡುತ್ತಿದ್ದುದು ಮನೆಗೆ ಹೋಗುವ ಆಸೆಯಿಂದಲ್ಲ, ಕರೆದೊಯ್ಯಲು ಯಾರಾದರೂ ಬಂದುಬಿಟ್ಟರೆ ಎಂಬ ಭಯದಿಂದ.

ನನಗೆ ಸಿಟ್ಟು ಬಂತು. ಕಂಪ್ಯೂಟರಿನ ಮೇಲೆ, ಕೊಳಗದ ಮೇಲೆ, ಎಲ್ಲದರ ಮೇಲೆ. ಏನಾದರೂ ಮಾಡಲು ಬರುತ್ತದೆಯೇ ಎಂದು ಟೀಚರ್ ಮುಖ ನೋಡಿದೆ. ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅವಳು ಮಾಡಿದ್ದು ಸರಿ. ಒಬ್ಬರಿಗೆ ಹಿಂಬಾಗಿಲು ತೆರೆದರೆ ನಾಳೆ ಅಲ್ಲಿ ಕಾರುಗಳು ಬಂದು ನಿಲ್ಲುತ್ತವೆ.

"ಸೀಟು ನನ್ನ ಕೈಯಾಗ ಇಲ್ಲ" ಎಂದಳು ಗೆಳತಿಗೆ. ಆಮೇಲೆ ಹುಡುಗಿಯ ತಲೆಯ ಮೇಲೆ ಕೈಯಿಟ್ಟು, "ಪಾಠಕ್ಕ ಯಾರ ಚೀಟಿ ಬೇಕು? ಆಯಿತಾರ ಮನ್ಯಾಗ ಇರ್ತಿಯೇನಲೇ? ನಾನ ಬರ್ತೀನಿ" ಎಂದಳು.

ಮಾತಿಗೆ ಅಂದಿದ್ದಾಳೆ ಎಂದುಕೊಂಡಿದ್ದೆ. ಮುಂದಿನ ಭಾನುವಾರವೇ ಹೋದಳು. ಅದರ ಮುಂದಿನ ಭಾನುವಾರ ನಾನೂ ಹೋದೆ, ಮನೆಯಲ್ಲಿ ಕೂತು ಏನು ಮಾಡಲಿ? ನಾನು ಹೊಸಪೇಟೆಯಲ್ಲಿ ಬಸ್ಸು ಹತ್ತುತ್ತೇನೆ, ಅವಳು ಪಾಪಿನಾಯಕನಹಳ್ಳಿಯಲ್ಲಿ ಹತ್ತುತ್ತಾಳೆ. ಕುರೆಕುಪ್ಪದಲ್ಲಿ ಚೈತ್ರಾಳ ಮನೆಯ ಮುಂದಿನ ತಗಡಿನ ಚಪ್ಪರವೇ ತರಗತಿ. ಓಣಿಯ ಮಕ್ಕಳೆಲ್ಲ ಬಂದು ಕೂರುತ್ತವೆ. ಯಾರನ್ನೂ ವಾಪಸ್ಸು ಕಳಿಸಬೇಕಿಲ್ಲ. ನನ್ನ ಇಡೀ ನೌಕರಿಯಲ್ಲಿ ಇಂಥ ಸುಖ ನಾನು ಕಂಡಿರಲಿಲ್ಲ. ತಿಂಗಳಿಗೊಂದು ವಿಭಕ್ತಿ, ದೊಡ್ಡ ಮೇಷ್ಟ್ರ ಹಳೆಯ ಲೆಕ್ಕವೇ. ರೊಟ್ಟಿ ಹಂಚಿನ ಮಸಿ ಬಳಿದ ಒಂದು ಹಲಗೆ ಇದೆ.

ಮೊದಲ ವರ್ಷ ದಸರಾ ಮುಗಿದ ಮೇಲಿನ ಭಾನುವಾರ ಹೊಸ ಪಾಠಕ್ಕೆ ಮೊದಲು ಹಳೆಯದನ್ನು ಹೇಳಿಸುತ್ತಿದ್ದೆವು. ಚೈತ್ರಾ ಎದ್ದು ನಿಂತು, "ಮರಂ, ಮರನಂ" ಎಂದವಳು ತಡವರಿಸಿದಳು. ಒಳಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ಅಡುಗೆಮನೆಯಿಂದಲೇ ಅವಳ ತಾಯಿಯ ದನಿ ಬಂತು, ಹತ್ತು ವರ್ಷದ ಹುಡುಗಿ ಹೇಳುತ್ತಿದ್ದ ಅದೇ ರಾಗದಲ್ಲಿ. "ಮರಂ, ಮರನಂ, ಮರದಿಂ, ಮರಕ್ಕೆ."

ಅಲ್ಲಿಗೆ ನಿಲ್ಲಿಸಿದಳು.

"ಮುಂದ ಹೇಳವ್ವ" ಎಂದಳು ಮಗಳು.

"ಅಲ್ಲಿತನ ನಂದು" ಎಂದಳು ತಾಯಿ, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು. "ಮುಂದಿಂದು ಅಕಿದು."

ಹುಲಿಗೆಮ್ಮ ಟೀಚರ್ ಹಲಗೆಯ ಕಡೆ ತಿರುಗಿದಳು. ಸೀಮೆಸುಣ್ಣ ತೆಗೆದುಕೊಂಡು ಐದನೆಯದನ್ನು ಬರೆದಳು, ಬಾಗಿಲಲ್ಲಿ ನಿಂತವಳಿಗೂ ಕಾಣುವ ಹಾಗೆ ದೊಡ್ಡದಾಗಿ.